ಖಾರವಿಲ್ಲದ ಅಗಸಿ ಹಿಂಡಿ

ಬೆಂಕಿಗೆ ಹೆದರುವ ಹೆಂಗಸಲ್ಲ ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿ ಯಾರಾದರೂ 'ಅಯ್ಯೋ ಪಾಪ' ಅಂದರೆ ನನಗೆ ಸಿಟ್ಟು ಬರುತ್ತದೆ. ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮನೆಯ ಹಿತ್ತಲಿಗೆ ಹೊಂದಿಕೊಂಡು ತಗಡಿನ ಮಾಡಿನ ಉದ್ದನೆಯ ಕೋಣೆಯೊಂದಿದೆ. ಅಲ್ಲಿ ನಾವು ನಾಲ್ವರು ಹೆಂಗಸರು ಬೆಳಗಿನಿಂದ ಮಧ್ಯಾಹ್ನದವರೆಗೆ ರೊಟ್ಟಿ ಬಡಿಯುತ್ತೇವೆ. ಬಿಳಿಜೋಳದ ಮೆತ್ತನೆಯ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ತಿಂಗಳು ಕಳೆದರೂ ಕೆಡದ ಖಡಕ್ ರೊಟ್ಟಿ. ಹುಬ್ಬಳ್ಳಿಯ ಖಾನಾವಳಿಗಳಿಗೆ, ಧಾರವಾಡದ ಮದುವೆ ಮನೆಗಳಿಗೆ, ರಾಯಾಪುರದ ಒಂದು ಕ್ಯಾಂಟೀನಿಗೆ ನಮ್ಮ ರೊಟ್ಟಿ ಹೋಗುತ್ತದೆ. ಇರುವ ಒಲೆಗಳಲ್ಲಿ ಬಾಗಿಲಿಗೆ ದೂರದ, ಮೂಲೆಯ ದೊಡ್ಡ ಒಲೆ ನನ್ನದು. ಅದು ನಮ್ಮ ಅತ್ತೆಯ ಜಾಗವಾಗಿತ್ತು. ಅವರ ಮೊಣಕಾಲು ಕೈಕೊಟ್ಟ ಮೇಲೆ ನನಗೆ ಬಂತು.

ನಮ್ಮ ಅತ್ತೆಗೆ ಈಗ ಎಂಬತ್ತು ದಾಟಿದೆ. ರೊಟ್ಟಿ ಬಡಿಯುವುದನ್ನು ಬಿಟ್ಟಿದ್ದಾರೆ, ರೊಟ್ಟಿ ಬಡಿಯುವವರನ್ನು ಬಿಟ್ಟಿಲ್ಲ. ದಿನಾ ಬೆಳಿಗ್ಗೆ ಕೋಣೆಯ ಗೋಡೆಗೊರಗಿ ಮಣೆಯ ಮೇಲೆ ಕೂತು, ಮೊರದಲ್ಲಿ ಎಳ್ಳನ್ನೋ ಜೋಳವನ್ನೋ ಹಸನು ಮಾಡುತ್ತ ನಮ್ಮೆಲ್ಲರ ಕೈಯನ್ನೇ ನೋಡುತ್ತಿರುತ್ತಾರೆ. ಅವರ ಕಾಲದಿಂದ ನಮ್ಮಲ್ಲಿ ಒಂದು ಕಟ್ಟುನಿಟ್ಟು ಇತ್ತು. ಪರಾತದಲ್ಲಿ ಕಲಸಿದ ಹಿಟ್ಟು ಮುಗಿಯುವ ತನಕ ಒಲೆಯ ಮುಂದಿನಿಂದ ಏಳುವಂತಿಲ್ಲ. ಕುದಿಯುವ ನೀರಿನಲ್ಲಿ ಕಲಸಿದ ಹಿಟ್ಟು ಆರಿದರೆ ರೊಟ್ಟಿಯ ಅಂಚು ಬಿರಿಯುತ್ತದೆ, ಅದು ಖರೆ. ಆದರೆ ಅತ್ತೆಗೆ ಅದು ಬರೀ ಹಿಟ್ಟಿನ ಮಾತಾಗಿರಲಿಲ್ಲ, ಮರ್ಯಾದೆಯ ಮಾತಾಗಿತ್ತು. ಬೀಗರು ಬಂದು ಬಾಗಿಲಲ್ಲಿ ನಿಂತರೂ ಅವರು ಎದ್ದವರಲ್ಲ. ನಾನು ಸೊಸೆಯಾಗಿ ಬಂದಾಗಿನಿಂದ ಅವರು ನಡುವೆ ಎದ್ದದ್ದನ್ನು ನೋಡಲಿಲ್ಲ, ನಾನೂ ಏಳಲಿಲ್ಲ. ಮಳೆಗಾಲ, ಬೇಸಿಗೆ, ಜ್ವರ, ಬಸಿರು, ಎಲ್ಲ ಆ ಒಲೆಯ ಮುಂದೆಯೇ ಕಳೆದವು. ಅದರ ಬಗ್ಗೆ ನನಗೆ ಹೆಮ್ಮೆ ಇತ್ತು, ಈಗಲೂ ಇದೆ.

ಝಳ ಮೊದಲು ಬಂದದ್ದು ಬೇಸಿಗೆಯಲ್ಲಿ. ಎದೆಯ ನಡುವಿನಿಂದ ಎದ್ದು ಕುತ್ತಿಗೆಗೆ ಏರಿ, ಕಿವಿ ಕೆಂಪು ಮಾಡಿ, ನೆತ್ತಿಯವರೆಗೆ ಹೋಯಿತು. ಕುಪ್ಪಸ ಬೆನ್ನಿಗೆ ಅಂಟಿಕೊಂಡಿತು. ಒಂದೆರಡು ರೊಟ್ಟಿ ಬಡಿಯುವಷ್ಟರಲ್ಲಿ ಇಳಿದೂ ಹೋಯಿತು, ಹೋಗುವಾಗ ಸಣ್ಣಗೆ ಚಳಿ ಹುಟ್ಟಿಸಿ ಹೋಯಿತು. ಒಲೆಯ ಮುಂದೆ ಕೂತವಳಿಗೆ ಬಿಸಿ ಹತ್ತಿದರೆ ಯಾರ ಮೇಲೆ ಅನುಮಾನ ಬರಬೇಕು? ನಾನು ಒಲೆಯನ್ನು ಬೈದೆ. ಬರ್ನರ್ ಕೆಟ್ಟಿದೆ, ಉರಿ ಮುಂದಕ್ಕೆ ಚಾಚುತ್ತಿದೆ ಅಂತ ರಿಪೇರಿಯವನನ್ನು ಕರೆಸಿದೆ. ಅವನು ಬಿಚ್ಚಿದ, ಊದಿದ, ತಂತಿ ಹಾಕಿ ತೂತು ಬಿಡಿಸಿದ. "ಒಲಿ ಭಾಳ ಛಲೋ ಐತ್ರಿ ಅಕ್ಕಾರ, ಏನೂ ಆಗಿಲ್ಲ," ಅಂದ. ಅವನಿಗೆ ಕೆಲಸ ಬರುವುದಿಲ್ಲ ಅಂತ ತೀರ್ಮಾನ ಮಾಡಿ ಇನ್ನೊಬ್ಬನನ್ನು ಕರೆಸಿದೆ. ಅವನೂ ಅದನ್ನೇ ಹೇಳಿದ.

ನಮ್ಮ ಮನೆಯವರು ಬೇರೆ ಉಪಾಯ ಹುಡುಕಿದರು. ನನಗೆ ಹೇಳದೆ ದೊಡ್ಡದೊಂದು ಟೇಬಲ್ ಫ್ಯಾನ್ ತಂದು ನನ್ನ ಬೆನ್ನಿಗೆ ಇಟ್ಟು ಬಟನ್ ಒತ್ತಿದರು. ಉರಿ ಅಡ್ಡಡ್ಡ ಮಲಗಿತು, ಹಂಚಿನ ಮೇಲಿನ ರೊಟ್ಟಿ ಒಂದು ಕಡೆ ಹಸಿ, ಒಂದು ಕಡೆ ಕರಕಲು. ಪರಾತದಲ್ಲಿದ್ದ ಒಣಹಿಟ್ಟೆಲ್ಲ ಎದ್ದು ಹೋಗಿ ಗೋಡೆಗೊರಗಿದ್ದ ನಮ್ಮ ಅತ್ತೆಯ ಮುಖಕ್ಕೆ ಬಡಿಯಿತು. ಅವರು ಬಾಯಿ ತೆರೆದಾಗ ಹುಬ್ಬಿನಿಂದ ಹಿಟ್ಟು ಉದುರುತ್ತಿತ್ತು. "ಯಾರಪಾ ಇದನ್ನ ತಂದಾಂವ?" ಅಂದರು. ತಂದವರು ಅಷ್ಟರಲ್ಲಿ ಮುಂಬಾಗಿಲು ದಾಟಿದ್ದರು. ಫ್ಯಾನು ಈಗ ನಡುಮನೆಯಲ್ಲಿದೆ.

ಒಲೆಯ ತಪ್ಪಲ್ಲ ಅಂತ ನನಗೆ ಗೊತ್ತಾದದ್ದು ರಾಯಾಪುರದಲ್ಲಿ. ಮೃಗಶಿರಾ ಮಳೆ ಹಿಡಿದಿತ್ತು. ಕ್ಯಾಂಟೀನಿಗೆ ರೊಟ್ಟಿ ಮುಟ್ಟಿಸಿ ತಿರುಗಿ ಬರಲು ಬಸ್ಸಿಗೆ ಕಾಯುತ್ತ ನಿಂತಿದ್ದೆ. ಗಾಳಿಗೆ ಕೊಡೆ ಮೇಲುಮುಖವಾಗಿ ತಿರುಗಿ, ಸೀರೆ ಮೊಣಕಾಲಿನವರೆಗೆ ತೊಯ್ದಿತ್ತು. ಪಕ್ಕದಲ್ಲಿ ನಿಂತ ಕಾಲೇಜು ಹುಡುಗಿಯರ ಹಲ್ಲು ಕಟಕಟ ಅನ್ನುತ್ತಿದ್ದವು. ಆಗ ಬಂತು. ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕಿವಿಗೆ. ಮಳೆಯ ನೀರಿನ ನಡುವೆ ನಾನು ಬೆವರುತ್ತ ನಿಂತೆ. ಒಲೆ ಮಾಳಮಡ್ಡಿಯಲ್ಲಿದೆ, ನಾನು ರಾಯಾಪುರದಲ್ಲಿದ್ದೇನೆ, ಹಾಗಾದರೆ ಇದು ಎಲ್ಲಿಯ ಬೆಂಕಿ ಅಂತ ಮೊದಲ ಸಲ ಯೋಚನೆ ಬಂತು. ಆ ಯೋಚನೆಯ ಜೊತೆಗೇ ಮನಸ್ಸಿನೊಳಗೆ ಭಯ ಹೊಕ್ಕಿತು. ಯಾರಿಗೂ ಹೇಳಲಿಲ್ಲ.

ಹೇಳಬೇಕಾಗಿ ಬಂದದ್ದು ಒಂದು ಬಟ್ಟೆಯಿಂದ. ರೊಟ್ಟಿಯನ್ನು ಹಂಚಿಗೆ ಹಾಕಿದ ಮೇಲೆ ಅದರ ಮೈಗೆ ತೊಯ್ದ ಬಟ್ಟೆಯಿಂದ ನೀರು ಹಚ್ಚುತ್ತೇವೆ. ಆ ಬಟ್ಟೆಗೆ ನಮ್ಮಲ್ಲಿ ದೇವರ ಮನೆಯ ಮಡಿ. ಬೆವರು ಒರೆಸಲು ಸೆರಗು ಇದೆ, ಹೆಗಲ ಮೇಲೆ ಟವೆಲು ಇದೆ. ರೊಟ್ಟಿಯ ಬಟ್ಟೆಯನ್ನು ಬೇರೆ ಯಾವುದಕ್ಕೆ ಮುಟ್ಟಿಸಿದರೂ ನಾನು ಎಂಥವರನ್ನೂ ಎಬ್ಬಿಸಿ ಕಳಿಸುವವಳು. ಆ ದಿನ ಝಳ ಎಷ್ಟು ಜೋರಾಗಿ ಬಂತೆಂದರೆ, ಕೈಯಲ್ಲಿದ್ದ ಆ ತಣ್ಣನೆಯ ಬಟ್ಟೆಯನ್ನು ರೊಟ್ಟಿಗೆ ಹಚ್ಚುವ ಬದಲು ನನ್ನ ಕುತ್ತಿಗೆಗೆ ಹಚ್ಚಿಕೊಂಡುಬಿಟ್ಟೆ. ಆಹಾ, ಎಂಥ ಸುಖ! ಕಣ್ಣು ಮುಚ್ಚಿದ್ದೆ. ತೆರೆದಾಗ ಕೋಣೆಯಲ್ಲಿ ಬಡಿಯುವ ಸದ್ದು ನಿಂತಿತ್ತು.

ಮೊದಲು ಬಾಯಿ ಬಿಟ್ಟವರು ಆಪಾ. ಆಪಾ ನನ್ನ ಪಕ್ಕದ ಒಲೆಯವರು, ನನಗಿಂತ ನಾಲ್ಕಾರು ವರ್ಷ ದೊಡ್ಡವರು. ಗಂಡನದು ಹುಬ್ಬಳ್ಳಿ ರಸ್ತೆಯಲ್ಲಿ ಗಾಡಿ ರಿಪೇರಿಯ ಅಂಗಡಿ. ಮದುವೆಯಾಗಿ ಬಂದಾಗ ಅವರಿಗೆ ಜೋಳದ ರೊಟ್ಟಿ ಹರಿಯದಂತೆ ಎತ್ತಲು ಬರುತ್ತಿರಲಿಲ್ಲವಂತೆ. ಈಗ ಅವರ ರೊಟ್ಟಿಯ ಅಂಚು ನೋಡಿದರೆ ನನಗೇ ಹೊಟ್ಟೆಕಿಚ್ಚಾಗುತ್ತದೆ.

"ಅಕ್ಕಾರ, ಆ ಬಟ್ಟಿ ಇಲ್ಲೆ ಕೊಡ್ರಿ."

"ಯಾಕ್ರಿ ಆಪಾ?"

"ಅದು ರೊಟ್ಟಿ ಬಟ್ಟಿ ಐತ್ರಿ, ನಿಮ್ಮ ಕುತ್ತಿಗೀದಲ್ಲ."

ಕಸಿದುಕೊಂಡೇ ಬಿಟ್ಟರು. ಹಂಚಿನ ಮೇಲಿದ್ದ ರೊಟ್ಟಿ ಹಸುವಿಗೆ ಹೋಯಿತು, ಬಟ್ಟೆ ಬಚ್ಚಲಿಗೆ ಹೋಯಿತು. ಅವತ್ತಿನ ಹಿಟ್ಟು ಮುಗಿದ ಮೇಲೆ, ಅತ್ತೆ ಒಳಗೆ ಊಟಕ್ಕೆ ಎದ್ದು ಹೋದದ್ದನ್ನು ನೋಡಿಕೊಂಡು ಆಪಾ ನನ್ನ ಹತ್ತಿರ ಸರಿದರು. "ತಿಂಗಳದ್ದು ನಿಂತು ಎಷ್ಟು ದಿನಾ ಆತ್ರಿ?" ಅಂತ ಮೆಲ್ಲಗೆ ಕೇಳಿದರು.

ದೀಪಾವಳಿಯಿಂದೀಚೆಗೆ ಇಲ್ಲ ಅಂದೆ.

"ಮತ್ತ ಒಲೀನ್ಯಾಕ ಬೈತೀರಿ? ನನಗೂ ಹಿಂಗ ಆಗಿತ್ತು. ಎರಡ ವರ್ಷ ಕಾಡ್ತು."

"ನೀವು ಹೇಳೇ ಇಲ್ಲಲ್ರಿ!"

"ನೀವು ಕೇಳಿದ್ರೇನ್ರಿ?"

ಇಬ್ಬರೂ ನಕ್ಕೆವು. ಪಕ್ಕಪಕ್ಕದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಬಡಿಯುವವರು ನಾವು, ಒಬ್ಬರ ಮನೆಯ ಮಸಾಲೆ ಇನ್ನೊಬ್ಬರಿಗೆ ಗೊತ್ತು, ಇದೊಂದು ಗೊತ್ತಿರಲಿಲ್ಲ. ನನ್ನ ಭಯ ಅರ್ಧ ಇಳಿಯಿತು.

ಉಳಿದರ್ಧ ನಮ್ಮ ಮನೆಯವರು ಏರಿಸಿದರು. ಅವರು ಕೆಟ್ಟವರಲ್ಲ, ಆದರೆ ಯಾವುದೇ ತೊಂದರೆ ಕಂಡರೂ ಅದಕ್ಕೊಂದು ಯಂತ್ರ ಇರುತ್ತದೆ ಅಂತ ನಂಬುವವರು. ಹುಬ್ಬಳ್ಳಿಯಲ್ಲಿ ಎಲ್ಲೋ ರೊಟ್ಟಿ ಮಷಿನ್ ನೋಡಿ ಬಂದಿದ್ದರು. ಈ ಕಡೆಯಿಂದ ಹಿಟ್ಟು ಹಾಕಿದರೆ ಆ ಕಡೆಯಿಂದ ರೊಟ್ಟಿ ಬೀಳುತ್ತದಂತೆ.

"ನಿನಗ ಈ ಉರಿ ಮುಂದ ಕುಂದರೂದು ಇನ್ನ ಆಗಂಗಿಲ್ಲ. ಮಷಿನ್ ತರಸೂಣು. ನೀ ಆರಾಮ ಗಲ್ಲಾದ ಮ್ಯಾಲೆ ಕುಂದರು," ಅಂದರು.

"ನನ್ನ ಕೈ ಏನು ಮುರದಾವೇನ್ರಿ?"

"ಕೈ ಮಾತಲ್ಲ. ಮೊನ್ನೆ ನೀ ಕಣ್ಣ ಕತ್ತಲಿ ಬಂದು ಗ್ವಾಡಿ ಹಿಡದಿದ್ದನ್ನ ನಾ ನೋಡೇನಿ."

ಅದನ್ನು ಅವರು ನೋಡಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಕಡೆಗೆ ಮಾತು ಇಷ್ಟಕ್ಕೆ ನಿಂತಿತು: ಸಂಕ್ರಾಂತಿಯ ತನಕ ನೋಡುವುದು. ಅದರ ಹಿಂದಿನ ದಿನ ಬರುವ ಭೋಗಿಯ ಸಜ್ಜಿ ರೊಟ್ಟಿಗೆ ನಮ್ಮಲ್ಲಿ ಬರುವಷ್ಟು ಬೇಡಿಕೆ ವರ್ಷದಲ್ಲಿ ಬೇರೆ ಯಾವಾಗಲೂ ಬರುವುದಿಲ್ಲ. ಅದನ್ನು ನಾನು ನನ್ನ ಒಲೆಯ ಮುಂದೆ ಕೂತು ದಾಟಿಸಿದರೆ ಮಷಿನ್ನಿನ ಮಾತು ಬಂದ್. ಇಲ್ಲದಿದ್ದರೆ ನಾನು ಗಲ್ಲಾಪೆಟ್ಟಿಗೆಯ ಹಿಂದೆ, ನಮ್ಮ ಅತ್ತೆಯ ಒಲೆ ಗುಜರಿಗೆ.

ಅಲ್ಲಿಂದ ಶುರುವಾಯಿತು ನನ್ನ ತಂಪಿನ ಯಾತ್ರೆ. ಆಪಾ ಸಬ್ಜಾ ತಂದುಕೊಟ್ಟರು. ನಾವು ಕಾಮಕಸ್ತೂರಿ ಬೀಜ ಅನ್ನುತ್ತೇವೆ. ನೀರಿನಲ್ಲಿ ನೆನೆಸಿದರೆ ಕಪ್ಪೆಯ ಮೊಟ್ಟೆಗಳ ಹಾಗೆ ಉಬ್ಬುತ್ತವೆ, ಕಣ್ಣು ಮುಚ್ಚಿ ನುಂಗಿದೆ. ಗುಲ್ಕಂದ ತಿಂದೆ. ಜೀರಿಗೆ ಕೊತ್ತಂಬರಿ ಕಾಳಿನ ನೀರು ಕುಡಿದೆ. ಓಣಿಯ ಹೆಂಗಸರಿಗೆ ಸುದ್ದಿ ಹೇಗೆ ಮುಟ್ಟಿತೋ, ಒಬ್ಬರು ಲಾವಂಚದ ಬೇರನ್ನು ಕುಡಿಯುವ ನೀರಿಗೆ ಹಾಕು ಅಂದರು, ಒಬ್ಬರು ಅಂಗಾಲಿಗೆ ತುಪ್ಪ ತಿಕ್ಕು ಅಂದರು. ಎಲ್ಲವನ್ನೂ ಒಟ್ಟಿಗೆ ಮಾಡಿದ್ದರಿಂದ ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಅಂತ ದೇವರಿಗೂ ಗೊತ್ತಾಗುತ್ತಿರಲಿಲ್ಲ. ನೀರು ಕುಡಿದು ಕುಡಿದು ಬಚ್ಚಲಿಗೆ ಓಡಾಡುವುದೊಂದು ಹೆಚ್ಚಾಯಿತು. ಅತ್ತೆಗೆ ಮಾತ್ರ 'ಮೈ ಕಾವು' ಅಂತಷ್ಟೇ ಹೇಳಿದ್ದೆ. ಮುಟ್ಟಿನ ಮಾತನ್ನು ನಾವಿಬ್ಬರೂ ಬಾಯಿಬಿಟ್ಟು ಆಡಿದವರಲ್ಲ.

ಆಪಾ ಹಟ ಹಿಡಿದು ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ವಯಸ್ಸಾದ ಡಾಕ್ಟರು, ತಾಳ್ಮೆಯವರು. ಬಿಪಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಇದು ರೋಗವಲ್ಲ, ವಯಸ್ಸಿನ ಒಂದು ತಿರುವು ಅಂದರು. ಮನೆಯ ಮದ್ದು ಏನಾದರೂ ಇದೆಯಾ ಅಂತ ನಾನು ಕೇಳಿದೆ.

"ಅಗಸಿ ತಿಂದು ನೋಡ್ರಿ, ದಿನಾ ಒಂದೆರಡು ಚಮಚಾ. ಹಂಗಂತ ಅದು ಔಷಧಲ್ರಿ ಮತ್ತ. ಕೆಲವರಿಗೆ ಹಗುರ ಆಗತೈತಿ, ಕೆಲವರಿಗೆ ಏನೂ ಆಗಂಗಿಲ್ಲ. ತಡಕೊಳ್ಳಾಕ ಆಗಲಿಲ್ಲಂದ್ರ ಗುಳಿಗಿನೂ ಅದಾವ, ಆವಾಗ ಬರ್ರಿ, ಮಾತಾಡೂಣು."

ಅಗಸಿ ಅನ್ನುವ ಮಾತು ಕಿವಿಗೆ ಬಿದ್ದದ್ದೇ ನಾನು ಎದ್ದು ನಿಂತಿದ್ದೆ. ಅಗಸಿ! ನನ್ನ ಅಗಸಿ ಹಿಂಡಿ! ನಮ್ಮ ರೊಟ್ಟಿಗಿಂತ ಹೆಚ್ಚು ಹೆಸರು ಮಾಡಿದ್ದೇ ಅಗಸೆ ಬೀಜದ ಆ ಚಟ್ನಿಪುಡಿ. ಚಪ್ಪಲಿ ಹಾಕಿಕೊಳ್ಳುವಾಗ ಡಾಕ್ಟರು ಹಿಂದಿನಿಂದ, "ಖಾರ, ಚಹಾ ಸ್ವಲ್ಪ ಕಡಿಮಿ ಮಾಡ್ರಿ, ಅರಿವಿ ಸಡಲ ಇರಲಿ," ಅಂದದ್ದು ಕೇಳಿಸಿತು. ಅದನ್ನು ಡಾಕ್ಟರುಗಳು ನೆಗಡಿ ಬಂದವರಿಗೂ ಹೇಳುತ್ತಾರೆ ಅಂತ ಬಿಟ್ಟೆ.

ನನ್ನ ಹಿಂಡಿಯ ಬಗ್ಗೆ ಹೇಳಲೇಬೇಕು. ಮೆಣಸಿನಕಾಯಿ ಬೇರೆಯವರ ಕೈಯಲ್ಲಿ ತರಿಸುವವಳಲ್ಲ ನಾನು. ಹುಬ್ಬಳ್ಳಿಯ ದುರ್ಗದಬೈಲು ಪೇಟೆಗೆ ಸ್ವತಃ ಹೋಗಿ, ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು, ಎರಡನ್ನೂ ಮುರಿದು ಮೂಸಿ ನೋಡಿ ತರುತ್ತೇನೆ. ಹುರಿದ ಅಗಸಿ, ಬೆಳ್ಳುಳ್ಳಿ, ಉಪ್ಪು, ಮೆಣಸಿನಕಾಯಿ ಎಲ್ಲ ಸೇರಿಸಿ ಕುಟ್ಟಿದರೆ ಓಣಿಯ ತುದಿಯವರು ಸೀನುತ್ತಾರೆ. ತಿಂದವರ ಕಣ್ಣಲ್ಲಿ ನೀರು ಬರದಿದ್ದರೆ ನನಗೆ ಅವಮಾನ. ಡಾಕ್ಟರೇ ಹೇಳಿದ ಮೇಲೆ ಕೇಳಬೇಕೆ? ಬೆಳಿಗ್ಗೆ ರೊಟ್ಟಿಗೆ ಹಿಂಡಿ, ಮಧ್ಯಾಹ್ನ ರೊಟ್ಟಿಗೆ ಹಿಂಡಿ, ರಾತ್ರಿ ಅನ್ನದ ಮೇಲೆ ಹಿಂಡಿ, ಮೇಲೆ ಕಾಯಿಸಿದ ಶೇಂಗಾ ಎಣ್ಣೆ. ಬಾಯಿ ಉರಿದದ್ದಕ್ಕೆ ಬಿಸಿಬಿಸಿ ಚಹಾ.

ಝಳ ಹೆಚ್ಚಾಯಿತು. ಮೊದಲು ಬೆಳಗಿನ ಹೊತ್ತು ಒಮ್ಮೆ ಬರುತ್ತಿದ್ದದ್ದು ಈಗ ಹಿಟ್ಟು ಕಲಸಿದಾಗಲೆಲ್ಲ ಬರತೊಡಗಿತು. ಮದ್ದು ಸಾಲುತ್ತಿಲ್ಲ ಅಂದುಕೊಂಡು ಇನ್ನೊಂದು ಚಮಚ ಹಿಂಡಿ ಹೆಚ್ಚು ಮಾಡಿದೆ. ಲೋಕದಲ್ಲಿ ಬೇರೆ ಯಾರೂ ಹೀಗೆ ಮಾಡಲಿಕ್ಕಿಲ್ಲ. ಅಗಸಿ ಎಂದರೆ ಬರೀ ಅಗಸಿ ಅಂತ ತಿಳಿಯುವವರಿಗೆ ಈ ತಪ್ಪು ಆಗುವುದಿಲ್ಲ. ನಮ್ಮ ಕಡೆಯವರಿಗೆ ಅಗಸಿ ಎಂದರೆ ಹಿಂಡಿ, ಹಿಂಡಿ ಎಂದರೆ ಖಾರ.

ಅಷ್ಟರಲ್ಲಿ ಶ್ರಾವಣ ಬಂತು. ನಮ್ಮ ಮನೆಯಲ್ಲಿ ಶ್ರಾವಣ ಸೋಮವಾರ ಉಪವಾಸ. ಸಂಜೆಯವರೆಗೆ ಹಾಲು, ಬಾಳೆಹಣ್ಣು, ನೆನೆಸಿದ ಶೇಂಗಾ. ಸಂಜೆ ಪೂಜೆಯಾದ ಮೇಲೆ ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲದ ಸಪ್ಪೆ ಊಟ. ಒಲೆ ಕೆಲಸ ಎಂದಿನಂತೆ. ತಿಂಗಳು ಮುಗಿಯುತ್ತ ಬಂದಾಗ ಒಂದು ಸೋಮವಾರ ಆಪಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಅಕ್ಕಾರ, ಒಂದ ಮಾತ ಹೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ."

"ಮೊದಲ ಹೇಳ್ರಿ. ಸಿಟ್ಟಿಂದು ಆಮ್ಯಾಲ ನೋಡೂಣು."

"ಸೋಮವಾರ ನೀವು ತಣ್ಣಗ ಇರ್ತೀರಿ. ಇವತ್ತೂ ಒಮ್ಮೀನೂ ಬಂದಿಲ್ಲ."

"ಶಿವನ ಕೃಪಾ."

"ಶಿವನ ಕೃಪಾನೂ ಇರಬಹುದು, ನಾ ಇಲ್ಲ ಅನ್ನಂಗಿಲ್ಲ. ಆದ್ರ ಸೋಮವಾರ ನೀವು ಹಿಂಡಿ ತಿನ್ನಂಗಿಲ್ಲ, ಚಹಾನೂ ಕುಡ್ಯಂಗಿಲ್ಲ."

ಸಿಟ್ಟು ಬಂತು. ಭಾರಿ ಸಿಟ್ಟು ಬಂತು. ನನ್ನ ಹಿಂಡಿಯ ಮೇಲೆ, ಅದೂ ನನ್ನದೇ ಕೋಣೆಯಲ್ಲಿ, ಇಂಥ ಆರೋಪ! ಆ ದಿನ ಆಪಾ ಜೊತೆ ಮತ್ತೆ ಮಾತಾಡಲಿಲ್ಲ. ಮಂಗಳವಾರ ಬೇಕಂತಲೇ ಅವರ ಎದುರಿಗೆ ಹಿಂಡಿಗೆ ಎಣ್ಣೆ ಸುರಿದು ತಿಂದೆ. ಹಿಟ್ಟಿನ ಪರಾತ ಅರ್ಧಕ್ಕೆ ಬರುವಷ್ಟರಲ್ಲಿ ಕಿವಿಯಿಂದ ಹೊಗೆ ಬರುವುದೊಂದು ಬಾಕಿ. ಆಪಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸೆರಗು ಬಾಯಿಗೆ ಇಟ್ಟುಕೊಂಡಿದ್ದರು. ನಗು ತಡೆಯುತ್ತಿದ್ದಾರೆ ಅಂತ ಅವರ ಭುಜ ಹೇಳುತ್ತಿತ್ತು. ನನಗೂ ನಗು ಬಂತು.

ಖಾರ ಬಿಡುವುದು ಹೇಳಿದಷ್ಟು ಸುಲಭವಲ್ಲ. ಖಾರ ತಿನ್ನದವರನ್ನು ನಾವು ಊಟ ಮಾಡಿದವರ ಲೆಕ್ಕಕ್ಕೇ ಹಿಡಿಯುವುದಿಲ್ಲ. ನನ್ನ ಮದುವೆಯ ಮಾತುಕತೆಯಲ್ಲಿ ನಮ್ಮಪ್ಪ ಹೇಳಿದ ಮೊದಲ ಹೊಗಳಿಕೆಯೇ ಹುಡುಗಿಯ ಕೈಯ ಖಾರ ಛಲೋ ಇದೆ ಅನ್ನುವುದು. ಆದರೆ ಒಂದು ಕಡೆ ಖಾರ, ಇನ್ನೊಂದು ಕಡೆ ಒಲೆ. ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಬಹುದು ಅಂದಾಗ ನಾನು ಒಲೆಯನ್ನು ಇಟ್ಟುಕೊಂಡೆ. ಹೀಗೆ ಆರಿಸಿದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೇನೆ.

ಇನ್ನು ಸಪ್ಪೆ ಹಿಂಡಿ ಮಾಡಬೇಕಿತ್ತು. ಮೊದಲ ಸಲ ಮೆಣಸಿನಕಾಯಿ ತೆಗೆದು ಉಳಿದದ್ದನ್ನು ಹಾಗೇ ಕುಟ್ಟಿದೆ, ತಿಂದರೆ ಮರಳು. ಎರಡನೆಯ ಸಲ ಒಣಕೊಬ್ಬರಿ ಹೆಚ್ಚಾಗಿ ಮುದ್ದೆಯಾಯಿತು. ಆಮೇಲೆ ನಿಧಾನಕ್ಕೆ ಹದ ಸಿಕ್ಕಿತು. ಅಗಸಿಯನ್ನು ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿಯಬೇಕು, ಒಂದು ಕ್ಷಣ ಹೆಚ್ಚಾದರೂ ಕಹಿ. ಜೊತೆಗೆ ಹುರಿದ ಜೀರಿಗೆ, ಕೈಯಲ್ಲಿ ಹಿಡಿದರೆ ಪುಡಿಯಾಗುವಷ್ಟು ಒಣಗಿಸಿದ ಕರಿಬೇವು, ಹಿಡಿ ಕೊಬ್ಬರಿ, ಹುಣಸೆ, ಉಪ್ಪು, ತುದಿನಾಲಿಗೆಗೆ ತಿಳಿಯುವಷ್ಟು ಬೆಲ್ಲ. ಎಣ್ಣೆಯ ಬದಲು ಗಟ್ಟಿ ಮೊಸರು. ಆಪಾ ಒಂದು ತುತ್ತು ಬಾಯಿಗಿಟ್ಟು ನಿಧಾನಕ್ಕೆ ಅಗಿದು, "ಅಕ್ಕಾರ, ಇದು ಬ್ಯಾರೇನ ಆತು," ಅಂದರು. ಅವರು ಮತ್ತೊಂದು ತುತ್ತಿಗೆ ಕೈ ಹಾಕಿದ ಮೇಲೆ ಅದು ಹೊಗಳಿಕೆ ಅಂತ ನನಗೆ ತಿಳಿಯಿತು.

ಝಳ ಹೋಯಿತೇ ಅಂತ ಕೇಳಬೇಡಿ. ಹೋಗಲಿಲ್ಲ. ಕಡಿಮೆಯಾಯಿತು. ಅಗಸಿಯಿಂದ ಕಡಿಮೆಯಾಯಿತೋ, ಖಾರ ಚಹಾ ಬಿಟ್ಟಿದ್ದರಿಂದಲೋ, ಬಿಗಿ ಕುಪ್ಪಸ ಬಿಟ್ಟು ಸಡಿಲ ಹೊಲಿಸಿಕೊಂಡಿದ್ದರಿಂದಲೋ, ಅಥವಾ ದಿನ ಕಳೆದಂತೆ ಅದೇ ಕಡಿಮೆಯಾಗುವುದಿತ್ತೋ, ನಾನು ಆಣೆ ಮಾಡಿ ಹೇಳಲಾರೆ. ಬಂದಾಗ ಏನು ಮಾಡಬೇಕು ಅನ್ನುವುದು ಮಾತ್ರ ಕಲಿತೆ. ಎದ್ದು ಹಿತ್ತಲ ಬಾಗಿಲಿಗೆ ಹೋಗಿ, ಗಾಳಿಗೆ ಮುಖ ಕೊಟ್ಟು, ನಿಧಾನವಾಗಿ ಉಸಿರು ಎಳೆದು ಬಿಡುತ್ತ, ನಾಲ್ಕು ಗುಟುಕು ನೀರು ಕುಡಿದರೆ ಅದು ನನ್ನನ್ನು ಅಲ್ಲಾಡಿಸದೆ ದಾಟಿ ಹೋಗುತ್ತಿತ್ತು. ಅಡುಗೆಮನೆಯಲ್ಲಿದ್ದಾಗ, ಅಂಗಡಿಯಲ್ಲಿದ್ದಾಗ ಹೀಗೇ ಮಾಡುತ್ತಿದ್ದೆ.

ಒಲೆಯ ಮುಂದೆ ಮಾತ್ರ ಮಾಡಲಾಗುತ್ತಿರಲಿಲ್ಲ. ಅಲ್ಲಿ ಅತ್ತೆ ಕೂತಿರುತ್ತಿದ್ದರು. ಹಿಟ್ಟು ಇರುವಾಗ ಏಳಬಾರದು. ಹಲ್ಲು ಕಚ್ಚಿ ಕೂತಿರುತ್ತಿದ್ದೆ, ಕಣ್ಣು ಮಂಜಾದರೂ ಕೈ ಬಡಿಯುತ್ತಲೇ ಇರುತ್ತಿತ್ತು. "ಎದ್ದು ಹೋಗ್ರಿ ಅಕ್ಕಾರ, ನಾ ನೋಡ್ಕೊಂತೇನಿ," ಅಂತ ಆಪಾ ಪಿಸುಗುಟ್ಟಿದರೆ ತಲೆ ಅಲ್ಲಾಡಿಸುತ್ತಿದ್ದೆ. ಅತ್ತೆ ಏಳದ ಜಾಗದಿಂದ ನಾನು ಎದ್ದರೆ, ಆ ಜಾಗ ನನ್ನದು ಹೇಗಾದೀತು?

ಭೋಗಿಯ ಹಿಂದಿನ ದಿನ ಬಂತು. ಬೆಳಗಿನಿಂದ ಕೋಣೆಯಲ್ಲಿ ಎಳ್ಳಿನ ವಾಸನೆ. ಸಜ್ಜಿ ಹಿಟ್ಟಿಗೆ ಜೋಳದ ಹಿಟ್ಟಿನಷ್ಟು ಜಿಗಿ ಇಲ್ಲ, ಕೈ ಸ್ವಲ್ಪ ತಪ್ಪಿದರೂ ಹರಿಯುತ್ತದೆ. ನಾಲ್ಕೂ ಒಲೆ ಹತ್ತಿದ್ದವು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ರೊಟ್ಟಿಗಳನ್ನು ಪೇಪರಿನಲ್ಲಿ ಸುತ್ತಿ ಡಬ್ಬಿಗೆ ತುಂಬುತ್ತಿದ್ದರು, ನಡುನಡುವೆ ನನ್ನ ಮುಖ ನೋಡುತ್ತಿದ್ದರು. ಅವರ ಅಂಗಿಯ ಜೇಬಿನಲ್ಲಿ ಮಷಿನ್ನಿನವನ ನಂಬರು ಇದೆ ಅಂತ ನನಗೆ ಗೊತ್ತಿತ್ತು. ಅರ್ಧ ಪರಾತ ಮುಗಿದಿತ್ತು. ನಾನು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಎದೆಯ ನಡುವೆ ಆ ಗುರುತಿನ ಬಿಸಿ ಮಿಸುಕಾಡಿತು.

ಅಂಥ ಝಳ ಮೊದಲು ಬಂದಿರಲಿಲ್ಲ. ಕೈಯಲ್ಲಿದ್ದ ರೊಟ್ಟಿ ಹಂಚಿಗೆ ಬೀಳುವಾಗ ಎರಡು ಹೋಳಾಯಿತು. ನನ್ನ ಕೈಯಲ್ಲಿ ರೊಟ್ಟಿ ಹರಿದು ಎಷ್ಟು ವರ್ಷವಾಗಿತ್ತೋ! ಬಾಗಿಲಲ್ಲಿ ಪೇಪರಿನ ಸದ್ದು ನಿಂತಿತು. ಮುಂದಿನ ರೊಟ್ಟಿಯೂ ಹರಿಯುತ್ತದೆ ಅಂತ ನನಗೆ ತಿಳಿದಿತ್ತು. ಕೂತರೆ ರೊಟ್ಟಿ ಕೆಡುತ್ತದೆ, ಎದ್ದರೆ ಮರ್ಯಾದೆ ಹೋಗುತ್ತದೆ. ರೊಟ್ಟಿ ಕೆಡಿಸುವುದಕ್ಕೆ ನಾನು ಆ ಮೂಲೆಯಲ್ಲಿ ಕೂತಿರಲಿಲ್ಲ.

"ಬಂತ್ರಿ ಆಪಾ," ಅಂತ ಜೋರಾಗಿ ಹೇಳಿ ಎದ್ದುಬಿಟ್ಟೆ.

ಅತ್ತೆಯ ಮೊರ ತೊಡೆಯ ಮೇಲೆ ನಿಂತಿತು.

"ಏನ ಬಂತು?" ಅಂದರು.

ಆಪಾ ನನ್ನನ್ನು ನೋಡಿದರು, ನಾನು ಗೋಡೆಯನ್ನು ನೋಡಿದೆ. ಗಂಡ ಬಾಗಿಲಲ್ಲಿ ನಿಂತಿದ್ದಾರೆ, ಕಿರಿಯ ಹೆಂಗಸರು ಕೂತಿದ್ದಾರೆ. ಆದರೂ ಹೇಳಿದೆ. "ಹೊರಗಾಗೂದು ನಿಂತ ಮ್ಯಾಲೆ ಬರೋ ಝಳಾರಿ ಅತ್ತಿಯವರ. ಒಲೀದಲ್ಲ, ನನ್ನ ಮೈಯಾಗಿಂದ. ಒಂದೀಟ ಗಾಳಿಗೆ ನಿಂತ್ರ ಹೋಗತೈತಿ. ಅದಕ್ಕ ಎದ್ದೆ."

ಬೈಗುಳಕ್ಕೆ ಕಾದು ನಿಂತೆ. ಅತ್ತೆ ಮೊರವನ್ನು ಪಕ್ಕಕ್ಕಿಟ್ಟರು. ಎರಡೂ ಕೈ ನೆಲಕ್ಕೂರಿ, ಕೂತಲ್ಲಿಂದಲೇ ಮುಂದಕ್ಕೆ ಸರಿದರು. ಆಪಾ ಹಿಡಿಯಲು ಹೋದರೆ ಕೈ ಬೀಸಿ ಬೇಡ ಅಂದರು. ಹಾಗೇ ಸರಿಯುತ್ತ ಸರಿಯುತ್ತ ನನ್ನ ಒಲೆಯ ಮುಂದೆ, ತಮ್ಮ ಹಳೆಯ ಜಾಗಕ್ಕೆ ಬಂದು ಕೂತರು. ಹರಿದ ರೊಟ್ಟಿಯನ್ನು ಬರಿಗೈಯಲ್ಲಿ ಎತ್ತಿ ಬದಿಗಿಟ್ಟು, ಹಿಟ್ಟಿನ ಉಂಡೆಗೆ ಕೈ ಹಾಕಿದರು.

"ನನಗೂ ಬರ್ತಿತ್ತು," ಅಂದರು, ನನ್ನ ಕಡೆ ನೋಡದೆ. "ನಾ ಅದು ಒಲೀ ಝಳಾ ಅಂತ ತಿಳ್ಕೊಂಡಿದ್ದೆ. ಭಾಳ ವರ್ಷ ಆ ಒಲೀಗೆ ಬೈದೆ. ನನಗ ಯಾರೂ ಏಳು ಅನ್ಲಿಲ್ಲ ಯವ್ವಾ."

ಆಪಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರು ಏಳದೆ ಕೂತದ್ದನ್ನು ಇಷ್ಟು ವರ್ಷ ಬರೀ ಗಟ್ಟಿತನ ಅಂದುಕೊಂಡಿದ್ದೆ. ಗಟ್ಟಿತನ ಇತ್ತು, ಖರೆ. ಏಳಬಹುದು ಅಂತ ಹೇಳುವವರು ಅವರಿಗೆ ಇರಲಿಲ್ಲ.

"ನಿಂತು ಏನ ನೋಡ್ತಿ? ಹೋಗು, ಗಾಳಿಗೆ ನಿಂದರು. ನಾ ಇದೇನಿ," ಅಂತ ಗದರಿದರು.

ಹಿತ್ತಲ ಬಾಗಿಲಿಗೆ ಹೋಗಿ ನಿಂತೆ. ಪುಷ್ಯದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ನಿಧಾನಕ್ಕೆ ಉಸಿರು ಬಿಟ್ಟೆ, ನೀರು ಕುಡಿದೆ, ಝಳ ಇಳಿಯಿತು. ತಿರುಗಿ ನೋಡಿದರೆ ಹಂಚಿನ ಮೇಲೆ ಅತ್ತೆಯ ಸಜ್ಜಿ ರೊಟ್ಟಿ ಅಂಚಿನಿಂದ ಅಂಚಿಗೆ ಪೂರ್ತಿ ಉಬ್ಬಿ ನಿಂತಿತ್ತು. ಕೈ ನಡುಗುವ ಎಂಬತ್ತರ ಮುದುಕಿಯ ರೊಟ್ಟಿ. ನಾನು ಬಂದು ಪಕ್ಕದಲ್ಲಿ ಕೂತರೂ ಜಾಗ ಬಿಡಲಿಲ್ಲ. ಅದನ್ನು ಬೇಯಿಸಿ, ಇಳಿಸಿ, ಬೆರಳಿನಿಂದ ತಟ್ಟಿ ಸದ್ದು ಕೇಳಿ, ಆಮೇಲೆ ಸರಿದರು. ಪರಾತದಲ್ಲಿದ್ದ ಹಿಟ್ಟು ಆರುವ ಮೊದಲೇ ನಾನು ಮುಗಿಸಿದೆ. ಒಂದೂ ಹರಿಯಲಿಲ್ಲ. ಸಂಜೆಗೆ ಎಲ್ಲ ಡಬ್ಬಿಗಳೂ ಅವರವರ ಮನೆ ಸೇರಿದವು.

ಮಷಿನ್ನಿನವನು ಸಂಕ್ರಾಂತಿಯ ಮರುದಿನ ತಾನಾಗಿಯೇ ಫೋನು ಮಾಡಿದ. ನಮ್ಮ ಮನೆಯವರು ಅಂಗಳದಲ್ಲಿ ಓಡಾಡುತ್ತ, ನನಗೆ ಕೇಳಲಿ ಅಂತಲೇ ಇರಬೇಕು, ಜೋರಾಗಿ ಮಾತಾಡಿದರು. "ಬ್ಯಾಡ್ರಿ. ನಮ್ಮ ಮನ್ಯಾಗ ಮಷಿನ್ನಿಗೆ ಕುಂದರಾಕ ಜಾಗಾ ಇಲ್ಲ." ನಾನು ಕೇಳದವಳ ಹಾಗೆ ಜೋಳ ತೊಳೆಯುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಅವರಿಗೆ ಒಂದು ಒಳ್ಳೆಯ ಹೋಳಿಗೆ ಊಟ ಕಾದಿತ್ತು.

ಖಾರವಿಲ್ಲದ ಹಿಂಡಿ ಈಗ ನಮ್ಮಲ್ಲಿ ಸದಾ ಇರುತ್ತದೆ. ನಡುವಯಸ್ಸಿನ ಹೆಂಗಸರು ರೊಟ್ಟಿ ಕಟ್ಟಿಸಿಕೊಂಡು, ಆಚೀಚೆ ನೋಡಿ, "ಅದು ಐತೇನ್ರಿ?" ಅಂತ ಮೆಲ್ಲಗೆ ಕೇಳುತ್ತಾರೆ. ಮೆಲ್ಲಗೆ ಯಾಕೆ, ಜೋರಾಗಿ ಕೇಳಿ ಅನ್ನುತ್ತೇನೆ. ಇದು ಮದ್ದಲ್ಲ, ಊಟ. ತಡೆಯಲಾಗದಿದ್ದರೆ ಡಾಕ್ಟರ ಹತ್ತಿರ ಹೋಗಿ, ಅವರು ಕಡೆಯಲ್ಲಿ ಹೇಳುವುದನ್ನೂ ಕೇಳಿಸಿಕೊಂಡು ಬನ್ನಿ ಅಂತಲೂ ಹೇಳುತ್ತೇನೆ. ನಾನು ತಿನ್ನುವುದು ಈಗಲೂ ಅದನ್ನೇ. ಗುಂಟೂರು ಹಾಕಿದ ಹಿಂಡಿಯನ್ನು ಗಿರಾಕಿಗಳಿಗೆ ಕುಟ್ಟುವಾಗ ಬಾಯಲ್ಲಿ ನೀರು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಮೊನ್ನೆ ನಮ್ಮ ಕೋಣೆಯ ಕಿರಿಯ ಹೆಂಗಸರಲ್ಲಿ ಒಬ್ಬಳು ರೊಟ್ಟಿ ಬಡಿಯುತ್ತಿದ್ದವಳು ತಟ್ಟನೆ ಕೈ ನಿಲ್ಲಿಸಿದಳು. ಮುಖ ಕೆಂಪಾಗಿತ್ತು. ಅವಳಿಗೂ ಆ ವಯಸ್ಸು ಬಂತಲ್ಲ ಅಂತ ನನಗೆ ಹೊಳೆದು, ಬಾಯಿ ತೆರೆಯುವಷ್ಟರಲ್ಲಿ ಗೋಡೆಯ ಕಡೆಯಿಂದ ಮೊರ ಕೆಳಗಿಟ್ಟ ಸದ್ದು ಕೇಳಿಸಿತು. ನಮ್ಮ ಅತ್ತೆ ನನಗಿಂತ ಮೊದಲೇ ಹೇಳಿದ್ದರು.

"ಏಳವ್ವಾ, ಏಳು."